ಯುಗಾದಿಗೆ ಮುಂಚೆ ‘ದೇಹ ಶುದ್ಧಿ’ ಬೇಕೇ? ನಮ್ಮೂರ ವಸಂತ ನಿಜವಾಗಿ ಕೇಳುವುದೇನು

ಶಿವರಾತ್ರಿ ಮುಗಿದು ಯುಗಾದಿ ಹತ್ತಿರವಾಗುತ್ತಿದ್ದಂತೆ ಮನೆಮಂದಿಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡಲು ಶುರುವಾಗುತ್ತವೆ. “ವಸಂತ ಬಂತು, ಚಳಿಗಾಲದಲ್ಲಿ ಸೇರಿದ ವಿಷವೆಲ್ಲ ಹೊರಹಾಕಿ.” “ಏಳು ದಿನ ಖಾಲಿ ಹೊಟ್ಟೆಗೆ ಬೇವಿನ ರಸ, ವರ್ಷವಿಡೀ ಕಾಯಿಲೆ ಇಲ್ಲ.” “ಉಪ್ಪುನೀರು ಕುಡಿದು ವಾಂತಿ ಮಾಡಿ, ಕಫವೆಲ್ಲ ಹೋಗುತ್ತದೆ.” “ಮಾರ್ಚ್ 22ರಿಂದ 28ರವರೆಗೆ ಸೂರ್ಯ ನೆತ್ತಿಯ ಮೇಲೆ, ಹೊರಗೆ ಬರಬೇಡಿ.” “ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ.” ಎಲ್ಲದರ ಕೊನೆಗೂ ಒಂದೇ ಸಾಲು: ಪ್ರಕೃತಿಯ ಲಯಕ್ಕೆ ತಕ್ಕಂತೆ ಬದುಕಿ, ಹತ್ತು ಜನಕ್ಕೆ ಕಳುಹಿಸಿ.

ಋತುವಿಗೆ ತಕ್ಕಂತೆ ಬದುಕಬೇಕು ಎಂಬ ಮಾತು ತಪ್ಪಲ್ಲ. ಆದರೆ ಅದರ ಹೆಸರಿನಲ್ಲಿ ಹರಿದಾಡುವ ಕೆಲವು ಸಲಹೆಗಳು ನಿಷ್ಪ್ರಯೋಜಕ, ಕೆಲವು ಅಪಾಯಕಾರಿ. ಈ ಲೇಖನದಲ್ಲಿ ಅವುಗಳನ್ನು ಒಂದೊಂದಾಗಿ ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಕರ್ನಾಟಕದಲ್ಲಿ ವಸಂತ ಎಂದರೆ ಹೆಚ್ಚುಕಡಿಮೆ ಬೇಸಿಗೆಯ ಬಾಗಿಲು. ಈ ಹೊತ್ತಿಗೆ ದೇಹಕ್ಕೆ ಬೇಕಾಗಿರುವುದು ‘ವಿಷ ತೆಗೆಯುವುದು’ ಅಲ್ಲ, ಏರುತ್ತಿರುವ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರದ ಸಮಯ. ಒಂದು ದಿನದ ಕಷಾಯದಿಂದ ಆ ಕೆಲಸ ಆಗುವುದಿಲ್ಲ. ನಿಧಾನವಾಗಿ ಬದಲಾಗಬೇಕು.

ನಮ್ಮ ವಸಂತ, ಬೇರೆಯವರ ವಸಂತ

ಯುರೋಪಿನಲ್ಲಿ ವಸಂತವೆಂದರೆ ಹಿಮ ಕರಗಿ, ತಿಂಗಳುಗಟ್ಟಲೆ ಮನೆಯೊಳಗಿದ್ದವರು ಬಿಸಿಲಿಗೆ ಮೈಯೊಡ್ಡುವ ಕಾಲ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು 8 ಗಂಟೆಗೂ ಕಡಿಮೆ, ಜೂನ್‌ನಲ್ಲಿ 16 ಗಂಟೆಗೂ ಹೆಚ್ಚು. ಹಾಗಾಗಿ ಅಲ್ಲಿ ವಸಂತ ದೊಡ್ಡ ತಿರುವು. ಬೆಂಗಳೂರಿನಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ.

ನಮ್ಮಲ್ಲಿ ಬದಲಾಗುವುದು ಮುಖ್ಯವಾಗಿ ಬಿಸಿಲು. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಓಡಿಹೋಗುತ್ತದೆ ಎಂಬ ಗಾದೆ ಇದನ್ನೇ ಹೇಳುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳು ಮುಂಗಾರುಪೂರ್ವ ಋತು, ಅಂದರೆ ಬೇಸಿಗೆ. ಬೆಂಗಳೂರಿನಲ್ಲಿ ಏಪ್ರಿಲ್‌ನ ಸರಾಸರಿ ಗರಿಷ್ಠ ತಾಪಮಾನ 34 ಡಿಗ್ರಿಯ ಹತ್ತಿರ. ಕಲಬುರಗಿಯಲ್ಲಿ ಅದು 40ರ ಆಸುಪಾಸು. ಕರಾವಳಿಯಲ್ಲಿ ಅಂಕಿ ಅಷ್ಟು ಏರದಿದ್ದರೂ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರದೆ ಮೈಮೇಲೆಯೇ ಉಳಿಯುತ್ತದೆ. ಹವಾಮಾನ ಇಲಾಖೆ ಶಾಖದ ಅಲೆ ಎಂದು ಪರಿಗಣಿಸಲು ಬಯಲು ನಾಡಿನಲ್ಲಿ ಕನಿಷ್ಠ 40 ಡಿಗ್ರಿ ಇರಬೇಕು. ಕರಾವಳಿಗೆ 37 ಡಿಗ್ರಿಯೇ ಸಾಕು.

ಮರಗಿಡಗಳೂ ಈ ಬದಲಾವಣೆಗೆ ಒಂದೇ ದಿನದಲ್ಲಿ ಸ್ಪಂದಿಸುವುದಿಲ್ಲ. ಮಾವು ಚಳಿಯಲ್ಲೇ ಹೂ ಬಿಟ್ಟು, ಯುಗಾದಿಯ ಹೊತ್ತಿಗೆ ಮಿಡಿ ಕಟ್ಟಿರುತ್ತದೆ. ಮುತ್ತುಗ ಎಲೆ ಉದುರಿಸಿ ಮೈತುಂಬ ಕೆಂಪು ಹೂ ಹೊತ್ತು ನಿಲ್ಲುತ್ತದೆ. ಹೊಂಗೆ ಹಳೆಯ ಎಲೆ ಕಳಚಿ ಹೊಸ ಚಿಗುರು ತರುತ್ತದೆ, ಅರಳಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ, ಬೇವು ಹೂ ಬಿಡುತ್ತದೆ. ಮಳೆಯೇ ಇಲ್ಲದ ತಿಂಗಳಲ್ಲಿ ಚಿಗುರಲು ನೀರೆಲ್ಲಿಂದ? ಆಳಕ್ಕೆ ಇಳಿದ ಬೇರು ಕೆಳಗಿನ ಮಣ್ಣಿನ ತೇವವನ್ನು ಹೀರುತ್ತದೆ. ದಿನದ ಬೆಳಕು ಹೆಚ್ಚುತ್ತಿರುವುದೂ ಹಲವು ಮರಗಳಿಗೆ ಚಿಗುರುವ ಸೂಚನೆ ಕೊಡುತ್ತದೆ. ಇದೆಲ್ಲ ವಾರಗಟ್ಟಲೆ ನಡೆಯುವ ಕೆಲಸ.

ಅಂದಹಾಗೆ, ಕೋಗಿಲೆ ವಸಂತದಲ್ಲಿ ಎಲ್ಲಿಂದಲೋ ಹಾರಿ ಬರುವುದಿಲ್ಲ. ನಮ್ಮ ಕೋಗಿಲೆ ವರ್ಷವಿಡೀ ಇಲ್ಲೇ ಇರುತ್ತದೆ. ಸಂತಾನದ ಕಾಲ ಶುರುವಾಗುವುದರಿಂದ ಗಂಡು ಕೋಗಿಲೆ ಕೂಗಲು ಆರಂಭಿಸುತ್ತದೆ. ಆಗ ನಮ್ಮ ಗಮನ ಅತ್ತ ಹೋಗುತ್ತದೆ, ಅಷ್ಟೆ.

ಮಾರ್ಚ್ 20ಕ್ಕೆ ದೇಹದಲ್ಲಿ ಏನಾದರೂ ಆಗುತ್ತದೆಯೇ?

ಮಾರ್ಚ್ 20 ಅಥವಾ 21ರಂದು ಸೂರ್ಯ ಭೂಮಧ್ಯರೇಖೆಯ ನೇರ ಮೇಲೆ ಬರುತ್ತಾನೆ. ಇದೇ ವಿಷುವತ್ ದಿನ. ಅಂದು ಸೂರ್ಯ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ. ಹಗಲು ರಾತ್ರಿ ಸಮ ಎನ್ನುವುದು ಸ್ಥೂಲವಾಗಿ ಸರಿ. ನಿಖರವಾಗಿ ಹೇಳಬೇಕೆಂದರೆ, ವಾತಾವರಣ ಬೆಳಕನ್ನು ಬಾಗಿಸುವುದರಿಂದ ಅಂದು ಹಗಲೇ ಕೆಲವು ನಿಮಿಷ ಹೆಚ್ಚು. ಸರಿಯಾದ ಸಮ ಹಗಲು ನಮ್ಮಲ್ಲಿ ಅದಕ್ಕೂ ಕೆಲವು ದಿನ ಮೊದಲೇ ಆಗಿಹೋಗಿರುತ್ತದೆ.

ಆ ದಿನ ಅಥವಾ ಆ ವಾರ ತಾಪಮಾನ ಇದ್ದಕ್ಕಿದ್ದಂತೆ ಜಿಗಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸೂರ್ಯ ದಿನಕ್ಕೊಂದಿಷ್ಟು ಉತ್ತರಕ್ಕೆ ಸರಿಯುತ್ತಾನೆ, ನೆಲ ದಿನಕ್ಕೊಂದಿಷ್ಟು ಕಾಯುತ್ತದೆ. ಅಂದು ಮಾತ್ರ ಕೋಳಿಮೊಟ್ಟೆ ನೆಟ್ಟಗೆ ನಿಲ್ಲುತ್ತದೆ ಎಂಬುದೂ ಸುಳ್ಳು. ತಾಳ್ಮೆಯಿದ್ದರೆ ಯಾವ ದಿನ ಬೇಕಾದರೂ ನಿಲ್ಲಿಸಬಹುದು.

ಇನ್ನು “ಸೂರ್ಯ ನೆತ್ತಿಯ ಮೇಲೆ” ಎಂಬ ಮಾತು. ಮಾರ್ಚ್ ಕೊನೆಯ ವಾರ ಕರ್ನಾಟಕದಲ್ಲಿ ಸೂರ್ಯ ಇನ್ನೂ ಸರಿಯಾಗಿ ನೆತ್ತಿಗೆ ಬಂದಿರುವುದೇ ಇಲ್ಲ. ಬೆಂಗಳೂರಿಗೆ ಆ ದಿನ ಬರುವುದು ಏಪ್ರಿಲ್ 24 ಅಥವಾ 25ಕ್ಕೆ, ಮತ್ತೊಮ್ಮೆ ಆಗಸ್ಟ್ 18ರ ಸುಮಾರಿಗೆ. ಅದನ್ನೇ ಶೂನ್ಯ ನೆರಳಿನ ದಿನ ಎನ್ನುತ್ತೇವೆ. ನಡುಹಗಲು ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಉತ್ತರದ ಊರುಗಳಿಗೆ ಆ ದಿನ ಇನ್ನೂ ತಡ. ಆ ದಿನವೂ ಮನುಷ್ಯರಿಗೆ ವಿಶೇಷ ಕೇಡೇನೂ ಆಗುವುದಿಲ್ಲ.

ಇದರಲ್ಲಿ ಉಪಯೋಗಕ್ಕೆ ಬರುವ ಒಂದು ಸಂಗತಿ ಇದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಅತಿನೇರಳೆ ಕಿರಣ ಜೋರಾಗಿದೆ ಎಂದರ್ಥ. ಆಗ ಟೋಪಿ, ಛತ್ರಿ, ತುಂಬುತೋಳಿನ ಬಟ್ಟೆ ಬೇಕು. ಇದಕ್ಕೆ ಆ್ಯಪ್ ಬೇಡ, ಪಂಚಾಂಗವೂ ಬೇಡ.

ಯುಗಾದಿಯನ್ನೂ ವಿಷುವತ್ ದಿನವನ್ನೂ ಒಂದೇ ಎಂದು ಹೇಳುವ ಸಂದೇಶಗಳಿವೆ. ಚಾಂದ್ರಮಾನ ಯುಗಾದಿ ಚೈತ್ರ ಶುದ್ಧ ಪಾಡ್ಯದಂದು ಬರುತ್ತದೆ. ಅದು 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂದಿತ್ತು. ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ. ಸೌರವರ್ಷಕ್ಕಿಂತ 11 ದಿನ ಕಡಿಮೆ. ಆ ಅಂತರ ತುಂಬಲು ಆಗಾಗ ಅಧಿಕ ಮಾಸ ಬರುತ್ತದೆ. ಹೀಗಾಗಿ ಹಬ್ಬ ಋತುವಿನ ಹತ್ತಿರವೇ ಇರುತ್ತದೆ, ಆದರೆ ಒಂದೇ ತಾರೀಕಿಗೆ ಅಂಟಿಕೊಂಡಿರುವುದಿಲ್ಲ. ತುಳುನಾಡಿನವರು ಬಿಸು ಆಚರಿಸುವ ಸೌರಮಾನ ಯುಗಾದಿ ಬರುವುದು ಏಪ್ರಿಲ್ ಮಧ್ಯದಲ್ಲಿ. ಇಂಥದೇ ದಿನ ಇಂಥ ಕಷಾಯ ಕುಡಿದರೆ ಮಾತ್ರ ಫಲ ಎನ್ನುವವರು, ಯಾವ ಯುಗಾದಿಗೆ ಎಂದು ಮೊದಲು ಹೇಳಬೇಕಾಗುತ್ತದೆ!

ಬೇವು: ಚಿಟಿಕೆಯಷ್ಟಾದರೆ ಹಬ್ಬ, ಲೋಟದಷ್ಟಾದರೆ?

ಬೇವುಬೆಲ್ಲದಲ್ಲಿ ನಾವು ತಿನ್ನುವುದು ಒಂದೆರಡು ಚಿಗುರು, ನಾಲ್ಕು ಹೂವು, ಜೊತೆಗೆ ಬೆಲ್ಲ. ಸಾಮಾನ್ಯ ಆರೋಗ್ಯದ ದೊಡ್ಡವರಿಗೆ ಅದರಿಂದ ತೊಂದರೆ ಇಲ್ಲ. ಬದುಕಿನ ಕಹಿ ಸಿಹಿ ಎರಡನ್ನೂ ಸಮನಾಗಿ ತೆಗೆದುಕೊಳ್ಳಬೇಕು ಎಂಬ ಅದರ ಅರ್ಥಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕಾಗಿಯೂ ಇಲ್ಲ.

ತಕರಾರು ಇರುವುದು ಆ ಚಿಟಿಕೆ ಲೋಟವಾಗುವಾಗ. “ಬೇವಿನ ರಸ ರಕ್ತ ಶುದ್ಧಿ ಮಾಡುತ್ತದೆ” ಎನ್ನುತ್ತಾರೆ. ರಕ್ತ ಶುದ್ಧಿಯ ಕೆಲಸವನ್ನು ನಮ್ಮ ಯಕೃತ್ತು ಮತ್ತು ಮೂತ್ರಪಿಂಡಗಳು ಋತುಮಾನ ನೋಡದೆ ಮಾಡುತ್ತಲೇ ಇರುತ್ತವೆ. ಆರೋಗ್ಯವಂತನ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ. ಚಳಿಗಾಲದ ‘ವಿಷ’ ಮಾರ್ಚ್‌ವರೆಗೆ ಎಲ್ಲೋ ಶೇಖರವಾಗಿ ಕುಳಿತಿರುವುದಿಲ್ಲ. ನಿಜವಾಗಿ ಹಾಗೆ ಶೇಖರವಾಗುವಷ್ಟು ಮೂತ್ರಪಿಂಡ ಕೆಟ್ಟಿದ್ದರೆ ಬೇಕಾಗುವುದು ಡಯಾಲಿಸಿಸ್, ಕಷಾಯವಲ್ಲ.

ಮೂರು ಗುಂಪಿನವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು.

ಮೊದಲನೆಯದು ಮಕ್ಕಳು. ಹಸುಗೂಸುಗಳಿಗೆ ಬೇವಿನ ಎಣ್ಣೆ ಕುಡಿಸಿದಾಗ ವಾಂತಿ, ಮಂಪರು, ಫಿಟ್ಸ್, ಮಿದುಳಿನ ಊತ ಆದ ಪ್ರಕರಣಗಳು ಭಾರತ ಮತ್ತು ಮಲೇಷ್ಯಾದಲ್ಲಿ ವೈದ್ಯಕೀಯವಾಗಿ ದಾಖಲಾಗಿವೆ. ಕೆಲವು ಮಿಲಿಲೀಟರ್, ಅಂದರೆ ಒಂದು ಚಮಚದಷ್ಟೇ ಸಾಕಾಗಿದೆ. ಮಗುವಿಗೆ ಬೇವಿನ ಎಣ್ಣೆಯನ್ನು ಯಾವ ಕಾರಣಕ್ಕೂ ಕುಡಿಸಬೇಡಿ.

ಎರಡನೆಯದು ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು. ಬೇವಿಗೆ ರಕ್ತದ ಸಕ್ಕರೆ ತಗ್ಗಿಸುವ ಗುಣ ಸ್ವಲ್ಪ ಇದೆ. ಖಾಲಿ ಹೊಟ್ಟೆ, ಮಾತ್ರೆ, ಜೊತೆಗೆ ಲೋಟ ಬೇವಿನ ರಸ ಸೇರಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಮಾತ್ರೆ ಬಿಟ್ಟು ಬೇವನ್ನೇ ನಂಬುವುದು ಇನ್ನೂ ಅಪಾಯ.

ಮೂರನೆಯದು ಗರ್ಭಿಣಿಯರು ಮತ್ತು ಗರ್ಭ ಧರಿಸಲು ಪ್ರಯತ್ನಿಸುತ್ತಿರುವವರು. ಇವರು ಬೇವಿನ ರಸ, ಎಣ್ಣೆ, ಮಾತ್ರೆಗಳಿಂದ ದೂರ ಇರುವುದು ಒಳ್ಳೆಯದು.

ಉಪ್ಪುನೀರಿನ ವಾಂತಿ: ಇದನ್ನು ಮಾತ್ರ ಮಾಡಲೇಬೇಡಿ

ವಸಂತದಲ್ಲಿ ವಾಂತಿ ಮಾಡಿಸುವ ಸಲಹೆಯ ಮೂಲ ಆಯುರ್ವೇದದಲ್ಲಿದೆ. ಚರಕ ಸಂಹಿತೆಯ ಸೂತ್ರಸ್ಥಾನದ ಆರನೇ ಅಧ್ಯಾಯ ಋತುಚರ್ಯೆಯನ್ನು ವಿವರಿಸುತ್ತದೆ. ಚಳಿಯಲ್ಲಿ ಕೂಡಿದ ಕಫ ವಸಂತದ ಬಿಸಿಲಿಗೆ ಕರಗಿ ಜೀರ್ಣಶಕ್ತಿಯನ್ನು ಕುಗ್ಗಿಸುತ್ತದೆ ಎಂಬುದು ಅಲ್ಲಿನ ವಿವರಣೆ. ಅದಕ್ಕೆ ವಮನ, ವ್ಯಾಯಾಮ, ಹಗುರ ಆಹಾರ ಹೇಳಿದೆ. ಹಗಲು ನಿದ್ದೆ, ಜಿಡ್ಡು, ಅತಿ ಸಿಹಿ, ಅತಿ ಹುಳಿ ಬೇಡ ಎಂದಿದೆ.

‘ಕಫ ಕರಗುವುದು’ ಆಧುನಿಕ ವೈದ್ಯಶಾಸ್ತ್ರ ಅಳೆದು ತೋರಿಸಿರುವ ಸಂಗತಿಯಲ್ಲ. ಅದು ಆ ಕಾಲದ ವಿವರಣೆಯ ಕ್ರಮ. ಆದರೆ ಮುಖ್ಯ ಮಾತು ಬೇರೆ. ಆ ಗ್ರಂಥ ಹೇಳುವ ವಮನವೂ ವೈದ್ಯನ ಎದುರಿಗೆ, ರೋಗಿಯ ಬಲ ನೋಡಿ, ಮೊದಲು ಸಿದ್ಧತೆ, ನಂತರ ಪಥ್ಯ ಎಂಬ ಕ್ರಮದಲ್ಲಿ ನಡೆಯುವ ಚಿಕಿತ್ಸೆ. ಯೂಟ್ಯೂಬ್ ನೋಡಿಕೊಂಡು ಬಚ್ಚಲಮನೆಯಲ್ಲಿ ಒಬ್ಬರೇ ಮಾಡಿಕೊಳ್ಳುವಂಥದ್ದಲ್ಲ.

ಉಪ್ಪುನೀರಿನ ವಿಷಯಕ್ಕೆ ಬಂದರೆ, ಚಮಚಗಟ್ಟಲೆ ಉಪ್ಪು ಬೆರೆಸಿದ ನೀರು ಕುಡಿದು ವಾಂತಿ ಆಗದೇ ಹೋದರೆ ಆ ಉಪ್ಪೆಲ್ಲ ರಕ್ತ ಸೇರುತ್ತದೆ. ರಕ್ತದಲ್ಲಿ ಸೋಡಿಯಂ ವಿಪರೀತ ಏರಿದರೆ ಮಿದುಳಿನ ಕೋಶಗಳಿಂದ ನೀರು ಹೊರಗೆಳೆಯಲ್ಪಡುತ್ತದೆ. ಫಿಟ್ಸ್, ಪ್ರಜ್ಞೆ ತಪ್ಪುವುದು, ಸಾವು ಕೂಡ ಸಂಭವಿಸಿದ ದಾಖಲೆಗಳಿವೆ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಫಾರ್ವರ್ಡ್‌ಗಳು ಬಿಟ್ಟುಬಿಡುವ ಒಂದು ಮಾತು

ಆಯುರ್ವೇದದ ಹೆಸರು ಹೇಳುವ ಸಂದೇಶಗಳು ವಮನವನ್ನು ಹೆಕ್ಕಿಕೊಳ್ಳುತ್ತವೆ, ಅದೇ ಪರಂಪರೆಯ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತವೆ. ವಾಗ್ಭಟನ ಅಷ್ಟಾಂಗಹೃದಯದ ಋತುಚರ್ಯೆಯ ಅಧ್ಯಾಯದಲ್ಲಿ ‘ಋತುಸಂಧಿ’ ಎಂಬ ಕಲ್ಪನೆ ಇದೆ. ಹೋಗುವ ಋತುವಿನ ಕೊನೆಯ ಏಳು ದಿನ, ಬರುವ ಋತುವಿನ ಮೊದಲ ಏಳು ದಿನ ಸೇರಿ ಋತುಸಂಧಿ. ಈ ಹದಿನಾಲ್ಕು ದಿನಗಳಲ್ಲಿ ಹಳೆಯ ರೂಢಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು, ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಹಿಡಿಯಬೇಕು. ಒಮ್ಮೆಲೇ ಬದಲಿಸಿದರೆ ಅದರಿಂದಲೇ ಕಾಯಿಲೆ ಬರುತ್ತದೆ ಎಂಬುದು ಅದರ ಸಾರ.

ಇಂದಿನ ಶರೀರವಿಜ್ಞಾನವೂ ಬಿಸಿಲಿಗೆ ಹೊಂದಿಕೊಳ್ಳಲು ದೇಹಕ್ಕೆ ಬೇಕಾಗುವ ಸಮಯವನ್ನು 7ರಿಂದ 14 ದಿನ ಎಂದೇ ಹೇಳುತ್ತದೆ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಒಂದು ಕಡೆ ಸಿಕ್ಕ ಸಂಖ್ಯೆ ಇನ್ನೊಂದಕ್ಕೆ ಪುರಾವೆಯಾಗುವುದೂ ಇಲ್ಲ. ಆದರೆ ನಿಧಾನವಾಗಿ ಬದಲಾಗಿ ಎಂಬ ಬುದ್ಧಿಮಾತಿನಲ್ಲಿ ಎರಡಕ್ಕೂ ಜಗಳವಿಲ್ಲ.

ಆ ಎರಡು ವಾರದಲ್ಲಿ ದೇಹದೊಳಗೆ ಏನಾಗುತ್ತದೆ?

ದಿನವೂ ಸ್ವಲ್ಪ ಹೊತ್ತು ಬಿಸಿಯಲ್ಲಿ ಓಡಾಡಿದರೆ ದೇಹ ಪಾಠ ಕಲಿಯುತ್ತದೆ. ರಕ್ತದಲ್ಲಿನ ದ್ರವದ ಪ್ರಮಾಣ ಹೆಚ್ಚುತ್ತದೆ. ಅದೇ ಕೆಲಸಕ್ಕೆ ಹೃದಯ ಮೊದಲಿನಷ್ಟು ವೇಗವಾಗಿ ಬಡಿಯಬೇಕಾಗುವುದಿಲ್ಲ. ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಬೆವರು ಆರುವಾಗಲೇ ಮೈ ತಂಪಾಗುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಒರೆಸಿ ತೆಗೆದ ಬೆವರಿನಿಂದ, ಮೈಯಿಂದ ತೊಟ್ಟಿಕ್ಕಿ ಹೋದ ಬೆವರಿನಿಂದ ಅಷ್ಟು ಲಾಭವಿಲ್ಲ.

ಈ ಪಾಠ ಆಗುವ ಮುಂಚಿನ ದಿನಗಳೇ ಅಪಾಯದವು. ಬಿಸಿಲಿನ ಕೆಲಸದಲ್ಲಿ ಆಗುವ ಸಾವುಗಳಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನಗಳಲ್ಲೇ ಸಂಭವಿಸುತ್ತವೆ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಹೇಳುತ್ತದೆ. ಅದಕ್ಕೇ ಅಲ್ಲಿನ ಸಲಹೆ ಹೀಗಿದೆ: ಹೊಸಬರು ಮೊದಲ ದಿನ ಪೂರ್ತಿ ಕೆಲಸದ ಶೇ 20ರಷ್ಟನ್ನು ಮಾತ್ರ ಬಿಸಿಲಿನಲ್ಲಿ ಮಾಡಬೇಕು, ನಂತರ ದಿನಕ್ಕೆ ಶೇ 20ರಂತೆ ಏರಿಸಬೇಕು.

ನಮ್ಮಲ್ಲಿ ಈ ಮಾತು ಯಾರಿಗೆ ತಾಗುತ್ತದೆ ಎಂದು ಯೋಚಿಸಿ. ಊರಿಂದ ಬಂದು ಕಟ್ಟಡದ ಕೆಲಸಕ್ಕೆ ಹೊಸದಾಗಿ ಸೇರಿದವರು. ಎಸಿ ಕಚೇರಿ ಬಿಟ್ಟು ಹಬ್ಬಕ್ಕೆ ಊರಿಗೆ ಹೋಗಿ ಇಡೀ ದಿನ ಜಾತ್ರೆಯಲ್ಲಿ ನಿಲ್ಲುವವರು. ಯುಗಾದಿಗೆಂದು ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಸಾವಿರಾರು ಭಕ್ತರು. ರಜೆ ಸಿಕ್ಕ ಕೂಡಲೇ ಮಟಮಟ ಮಧ್ಯಾಹ್ನ ಕ್ರಿಕೆಟ್ ಆಡುವ ಹುಡುಗರು. ಇವರಿಗೆ ಬೇಕಾದ ಋತುಚರ್ಯೆ ಲೋಟದಲ್ಲಿ ಸಿಗುವುದಿಲ್ಲ. ಮೊದಲ ವಾರ ಬಿಸಿಲನ್ನು ಅಳೆದು ಹಾಕಿಕೊಳ್ಳುವುದೇ ಅದು.

ಪಾದಯಾತ್ರೆಗೆ ಹೋಗುವ ಹಿರಿಯರು ಮನೆಯಲ್ಲಿದ್ದರೆ, ಎರಡು ವಾರ ಮೊದಲೇ ದಿನವೂ ನಡೆದು ಅಭ್ಯಾಸ ಮಾಡಿಕೊಳ್ಳಲು ಹೇಳಿ. ನಸುಕಿನಲ್ಲಿ ಶುರುಮಾಡಿ, ದಿನ ಕಳೆದಂತೆ ಸ್ವಲ್ಪ ಬಿಸಿಲಿಗೂ ಒಡ್ಡಿಕೊಳ್ಳಲಿ. ಯಾತ್ರೆಯಲ್ಲಿ ನಸುಕು ಮತ್ತು ಸಂಜೆ ನಡಿಗೆ, ನಡುಹಗಲು ನೆರಳಿನಲ್ಲಿ ವಿಶ್ರಾಂತಿ.

ಸರ್ಕಾರವೂ ಒಂದು ಮಟ್ಟಿಗೆ ಈ ಲಯಕ್ಕೆ ಹೊಂದಿಕೊಳ್ಳುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಏಪ್ರಿಲ್ ಮತ್ತು ಮೇ ತಿಂಗಳು ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ನಸುಕಿನಲ್ಲೇ ಹೊಲಕ್ಕೆ ಹೋಗಿ ಹೊತ್ತೇರುವ ಮುಂಚೆ ಮರಳುವ ರೈತನ ಲೆಕ್ಕವೂ ಇದೇ.

ನೀರು, ಮಜ್ಜಿಗೆ, ಪಾನಕ

“ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ” ಎಂಬ ಸಂದೇಶಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹೊಟ್ಟೆಗೆ ಇಳಿದ ನೀರು ಬೇಗನೆ ದೇಹದ ಬಿಸಿಗೆ ಬರುತ್ತದೆ. ಕೆಲವರಿಗೆ ತೀರಾ ತಣ್ಣೀರಿನಿಂದ ತಲೆ ಜುಮ್ಮೆನ್ನಬಹುದು, ಹೊಟ್ಟೆ ಹಿಡಿದಂತಾಗಬಹುದು. ಹಾಗಾದವರು ಮಡಕೆಯ ನೀರು ಕುಡಿಯಲಿ. ಆದರೆ ಈ ಹೆದರಿಕೆಯಿಂದ ಬಿಸಿಲಿಗೆ ಬಸವಳಿದವರಿಗೆ ನೀರನ್ನೇ ಕೊಡದಿರುವುದು ದೊಡ್ಡ ತಪ್ಪು.

ನಮ್ಮ ಹಬ್ಬದ ಅಡುಗೆ ಈ ವಿಷಯದಲ್ಲಿ ಜಾಣತನ ತೋರುತ್ತದೆ. ರಾಮನವಮಿಗೆ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ಮಜ್ಜಿಗೆಯಲ್ಲಿ ನೀರು ಮತ್ತು ಉಪ್ಪು, ಪಾನಕದಲ್ಲಿ ನೀರು ಮತ್ತು ಬೆಲ್ಲ, ಕೋಸಂಬರಿಯಲ್ಲಿ ಸೌತೆಕಾಯಿ. ಬೆವರಿನಲ್ಲಿ ಹೋದದ್ದನ್ನು ತುಂಬಲು ಇವು ಒಳ್ಳೆಯವು. ಸಕ್ಕರೆ ಕಾಯಿಲೆಯವರು ಪಾನಕದ ಬದಲು ಮಜ್ಜಿಗೆ ಆರಿಸಿಕೊಳ್ಳಬಹುದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರು ಮತ್ತು ಉಪ್ಪಿಗೆ ವೈದ್ಯರು ಮಿತಿ ಹಾಕಿದ್ದರೆ, ಬೇಸಿಗೆಯಲ್ಲಿ ಎಷ್ಟು ಕುಡಿಯಬೇಕು ಎಂದು ಅವರನ್ನೇ ಕೇಳಿ.

ಭೇದಿಯಾದಾಗ ಅಥವಾ ಬೆವರಿ ಸುಸ್ತಾದಾಗ ಒಆರ್‌ಎಸ್ ಪುಡಿ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಗೋಪುರದಂತೆ ತುಂಬಬೇಡಿ. ಉಪ್ಪು ಹೆಚ್ಚಾದರೆ ಅಪಾಯ, ಅದರಲ್ಲೂ ಮಕ್ಕಳಿಗೆ.

ಈ ಕಾಲದ ಇನ್ನೊಂದು ಅತಿಥಿ: ‘ಅಮ್ಮ’

ಭಾರತದಲ್ಲಿ ಚಿಕನ್‌ಪಾಕ್ಸ್ ಚಳಿಯ ಕೊನೆಯಿಂದ ಬೇಸಿಗೆಯವರೆಗೆ ಹೆಚ್ಚು ಕಾಣಿಸಿಕೊಳ್ಳುತ್ತದೆ. ಹಳ್ಳಿಗಳಲ್ಲಿ ಇದನ್ನು ‘ಅಮ್ಮ’ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಹಾಸಿಗೆಗೆ ಬೇವಿನ ಎಲೆ ಹಾಸುತ್ತಾರೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಸೊಪ್ಪು ಕಂಡು ಹೊರಗಿನವರು ದೂರ ಉಳಿದರೆ ಸೋಂಕು ಹರಡುವುದು ತಗ್ಗುತ್ತದೆ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಈ ಕಾಯಿಲೆ ಬೇರೆಯವರಿಗೆ ಅಂಟುತ್ತದೆ. ಆದರೆ ರೋಗಾಣುವನ್ನು ಬೇವು ಕೊಲ್ಲುತ್ತದೆ ಎಂದು ನಂಬಿ ಕೂರಬಾರದು.

ಜ್ವರ ಬಂದ ಮಗುವಿಗೆ ಆಸ್ಪಿರಿನ್ ಕೊಡಬೇಡಿ. ಚಿಕನ್‌ಪಾಕ್ಸ್ ಇರುವಾಗ ಅದರಿಂದ ಮಿದುಳು ಮತ್ತು ಯಕೃತ್ತಿಗೆ ಅಪರೂಪದ, ಆದರೆ ಗಂಭೀರ ಹಾನಿಯಾಗಬಹುದು. ಗರ್ಭಿಣಿಯರು, ಹಸುಗೂಸುಗಳು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಸೋಂಕಿತರ ಹತ್ತಿರ ಬಂದಿದ್ದರೆ ಗುಳ್ಳೆ ಏಳುವವರೆಗೆ ಕಾಯದೆ ವೈದ್ಯರನ್ನು ಕಾಣಬೇಕು. ಈ ಕಾಯಿಲೆಗೆ ಲಸಿಕೆ ಇದೆ.

ಹಾಗಾದರೆ ಲಯ ಎನ್ನುವುದು ಸುಳ್ಳೇ?

ಖಂಡಿತ ಅಲ್ಲ. ನಮ್ಮ ಪ್ರತಿ ಕೋಶದೊಳಗೂ ಹೆಚ್ಚುಕಡಿಮೆ 24 ಗಂಟೆಯ ಗಡಿಯಾರವಿದೆ. ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಈ ಗಡಿಯಾರವನ್ನು ದಿನವೂ ಸರಿಹೊಂದಿಸುವ ಮುಖ್ಯ ಸೂಚನೆ ಬೆಳಗಿನ ಬೆಳಕು.

ಬೆಂಗಳೂರಿನಲ್ಲಿ ಜನವರಿ ಕೊನೆಗೆ ಸೂರ್ಯೋದಯ 6.45ರ ಸುಮಾರಿಗೆ. ಏಪ್ರಿಲ್ ಮಧ್ಯದ ಹೊತ್ತಿಗೆ 6.10ರ ಸುಮಾರಿಗೆ. ಅರ್ಧ ಗಂಟೆಗೂ ಹೆಚ್ಚು ಬೆಳಗಿನ ತಂಪು ಮುಂದಕ್ಕೆ ಸರಿದಿರುತ್ತದೆ. ವಾಕಿಂಗ್‌ಗೆ ಹೋಗುವವರು ಚಳಿಗಾಲದ ಸಮಯಕ್ಕೇ ಹೊರಟರೆ ಆ ತಂಪು ತಪ್ಪಿಹೋಗುತ್ತದೆ. ವಾರಕ್ಕೆ ಐದು ಹತ್ತು ನಿಮಿಷದಂತೆ ಏಳುವ ಮತ್ತು ಮಲಗುವ ಹೊತ್ತನ್ನು ಹಿಂದಕ್ಕೆ ತಂದುಕೊಳ್ಳಿ. ಕಾಸು ಖರ್ಚಿಲ್ಲದ, ಅಡ್ಡಪರಿಣಾಮವಿಲ್ಲದ ಋತುಚರ್ಯೆ ಇದು.

ಆಸ್ಪತ್ರೆಗೆ ಯಾವಾಗ?

ಬಿಸಿಲಿನಲ್ಲಿದ್ದವರಿಗೆ ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ, ವಿಪರೀತ ಬೆವರು ಕಂಡರೆ ನೆರಳಿಗೆ ಕರೆತನ್ನಿ, ಮಲಗಿಸಿ, ಸ್ವಲ್ಪ ಸ್ವಲ್ಪವಾಗಿ ನೀರು ಕೊಡಿ. ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ, ಪ್ರಜ್ಞೆ ತಪ್ಪಿದರೆ, ಮೈ ಕಾದ ಕಾವಲಿಯಂತಾದರೆ ಅದು ಶಾಖಾಘಾತ. ದೇಹದ ಒಳಗಿನ ಬಿಸಿ 40 ಡಿಗ್ರಿ ದಾಟಿರಬಹುದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ಕೂರಬೇಡಿ: ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಫಾರ್ವರ್ಡ್ ಒತ್ತುವ ಮುನ್ನ

ಋತುವಿನ ಹೆಸರಿನಲ್ಲಿ ಆರೋಗ್ಯ ಸಲಹೆ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ನಮ್ಮೂರ ಹವೆಗೆ ಹೇಳಿದ್ದೋ, ಬೇರೆ ದೇಶದ್ದೋ? ಎಷ್ಟು ಪ್ರಮಾಣ, ಯಾರಿಗೆ ಬೇಡ ಎಂದು ಹೇಳಿದೆಯೇ? ಒಂದೇ ದಿನದಲ್ಲಿ, ಒಂದೇ ವಾರದಲ್ಲಿ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಿದೆಯೇ? ಮೂರನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೆ ಅಲ್ಲೇ ನಿಲ್ಲಿಸಿ.

ಕಳುಹಿಸಲೇಬೇಕು ಎನಿಸಿದರೆ ಇದನ್ನು ಕಳುಹಿಸಿ:

“ಬಿಸಿಲು ಏರುತ್ತಿದೆ. ಮೊದಲ ಎರಡು ವಾರ ನಿಧಾನವಾಗಿ ಹೊಂದಿಕೊಳ್ಳಿ. ವಾಕಿಂಗ್, ಹೊಲದ ಕೆಲಸ ಬೇಗ ಮುಗಿಸಿ. ನೆರಳು ನಿಮಗಿಂತ ಗಿಡ್ಡವಾದರೆ ತಲೆಗೆ ಏನಾದರೂ ಇರಲಿ. ಬಾಯಾರುವ ಮುಂಚೆಯೇ ನೀರು, ಮಜ್ಜಿಗೆ ಕುಡಿಯಿರಿ. ಬೇವುಬೆಲ್ಲ ತಿನ್ನಿ, ಆದರೆ ಮಗುವಿಗೆ ಬೇವಿನ ಎಣ್ಣೆ ಕುಡಿಸಬೇಡಿ. ಉಪ್ಪುನೀರು ಕುಡಿದು ವಾಂತಿ ಮಾಡಬೇಡಿ. ಬಿಸಿಲಿಗೆ ಯಾರಾದರೂ ಗೊಂದಲಕ್ಕೊಳಗಾಗಿ ಬಿದ್ದರೆ ಮೈಮೇಲೆ ನೀರು ಸುರಿಯಿರಿ, 108ಕ್ಕೆ ಕರೆ ಮಾಡಿ.”